ಬಿಲ್ಲು ಕೆಳಗಿಟ್ಟವಳು

...ಅವಳ ಹೆಸರು ಹೊಡೆದುಹಾಕಬೇಡಿ ಮೇಷ್ಟ್ರೇ, ನಾನು ಕೇಳೋದು ಅಷ್ಟೇ. ಇಲ್ಲ, ಕೂರೋದಿಲ್ಲ, ನಿಂತೇ ಹೇಳ್ತೀನಿ. ನಿಮ್ಮ ಬಿಲ್ಲಿನ ಶಾಲೆಗೆ ಸೇರೋ ಮುಂಚೆ ನನ್ನ ಮಗಳು ಹೇಗಿದ್ದಳು ಅಂತ ನಿಮಗೆ ಗೊತ್ತಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ, ಗೋಡೆಗೆ ಹಣೆ ಚಚ್ಚಿಕೊಳ್ಳೋಳು. ಒಂದು ಸಲ ಕನ್ನಡಿ ಒಡೆದು, ಚೂರನ್ನ ಅಂಗೈಯಲ್ಲಿ ಬಿಗಿಯಾಗಿ ಹಿಡ್ಕೊಂಡು ಕೂತಿದ್ದಳು. ಒಂದೊಂದೇ ಬೆರಳು ಬಿಡಿಸಿದೆ... ಒಳಗೆ ಮಾಂಸ ಕಾಣ್ತಿತ್ತು.

ಮುಖ ಯಾಕೆ ತಿರುಗಿಸ್ತೀರಿ? ಕೇಳಿ. ಬಿಲ್ಲು ಕೊಟ್ಟು ಸಿಟ್ಟು ಇಳಿಸ್ತೀನಿ ಅಂತ ನೀವು ಅಂದಾಗ, ಮೊದಲೇ ಕೋತಿ, ಇವರು ಹೆಂಡ ಬೇರೆ ಕುಡಿಸ್ತಾರೆ ಅಂತ ನಕ್ಕಿದ್ದೆ. ಆದರೆ ಇಳೀತು. ಆ ಬಿದಿರಿನ ಬಿಲ್ಲು ಬಂದ ಮೇಲೆ ನಮ್ಮನೇಲಿ ಒಂದು ಲೋಟಾನೂ ಒಡೆದಿಲ್ಲ. ಅವಳ ಕೈಯಿಂದ, ಅಂದೆ. ಅವಳಪ್ಪನ ಕೈ ಹಾಗೇ ಇತ್ತು.

ಮೊನ್ನೆದಾ? ನಾನು ಲಾಂಡ್ರಿಯಿಂದ ಬರೋದು ತಡವಾಯ್ತು, ಅಡುಗೆ ಆಗಿರಲಿಲ್ಲ. ಅವಳಪ್ಪ ಕೂದಲು ಹಿಡಿದು ಅಡುಗೆ ಕಟ್ಟೆಗೆ ನನ್ನ ಬಾಯಿ ಕುಟ್ಟಿದರು. ಒಂದು ಹಲ್ಲು ಹೋಯ್ತು, ನುಂಗಿದೆನೋ ಏನೋ. ನೋಡಿದರೆ ಇವಳು ಬಾಗಿಲಲ್ಲಿ ಹೆದೆ ಎಳೆದು ನಿಂತಿದ್ದಾಳೆ. ‘ಅಮ್ಮನ್ನ ಬಿಡಪ್ಪ’ ಅಂದಳು. ಕೂಗಲೂ ಇಲ್ಲ. ನನ್ನ ಬಿಟ್ಟು, ಬೆಲ್ಟ್ ಬಿಚ್ಚಿ ಅವಳ ಮೇಲೆ ಹೋದರು...

ಆಮೇಲೆ ಏನು, ಹೆದೆ ಕೈ ಜಾರಿತು. ಬಾಣ ಅವರ ಹೆಗಲಿಗೆ ನಾಟಿತು. ಅದನ್ನ ಕಿತ್ಕೊಳ್ಳೋಕೆ ಹೋಗಿ ತಮ್ಮ ರಕ್ತದಲ್ಲಿ ತಾವೇ ಜಾರಿಬಿದ್ದರು. ಬದುಕಿದ್ದಾರೆ ಬಿಡಿ, ಗಟ್ಟಿ ಜೀವ. ‘ನಾನೇ ಬಿಟ್ಟಿದ್ದು’ ಅಂತ ಮಗಳು ಪೊಲೀಸರಿಗೆ ಹೇಳಿದ್ದಾಳೆ. ಮನುಷ್ಯರ ಮೇಲೆ ಬಾಣ ಬಿಟ್ಟವರಿಗೆ ಇಲ್ಲಿ ಜಾಗ ಇಲ್ಲ, ನಿಮ್ಮ ಕಟ್ಟಳೆ ಗೊತ್ತು. ಆದರೆ ಬಿಲ್ಲನ್ನೂ ಕಿತ್ಕೊಂಡರೆ ಆ ಹುಡುಗಿಗೆ ಇನ್ನೇನಿದೆ?

ಏನು ನೋಡ್ತಿದ್ದೀರಿ? ಇದಾ? ಇಸ್ತ್ರಿ ಪೆಟ್ಟಿಗೆ ತಾಗಿದ್ದು. ಲಾಂಡ್ರಿಯಲ್ಲಿ ದಿನಾ ಇದ್ದದ್ದೇ. ಎಡ ಮುಂಗೈ ಒಳಗಡೆ, ಹೌದು, ಅಲ್ಲೇ ತಾಗಿತು... ಸುಟ್ಟ ಗಾಯ ಹೀಗೆ ನೀಲಿ ಆಗಲ್ಲ ಅಂತೀರಾ? ನೀವು ಹಾಗಂದಿಲ್ಲ.

ಆ ಚರ್ಮದ ಪಟ್ಟಿ ಯಾಕೆ ತೆಗೆದಿಟ್ಟಿರಿ? ಗೊತ್ತು. ಅದನ್ನ ಕಟ್ಕೊಳ್ಳದೆ ಬಾಣ ಬಿಟ್ಟರೆ, ಹೊಸಬರ ಮುಂಗೈಗೆ ಹೆದೆ ಹೀಗೇ ಬಾರಿಸುತ್ತೆ ಅಂತ ಅವಳೂ ಹೇಳ್ತಿದ್ದಳು.

...ನೀವು ಕಲಿಸಿದ ಹಾಗೇ ಉಸಿರು ಬಿಟ್ಟಳು. ಹೆದೆ ಸಡಿಲಿಸಿದಳು. ಬೆಲ್ಟಿನ ಏಟು ಬೀಳುತ್ತೆ ಅಂತ ಗೊತ್ತಿದ್ದೂ ಬಿಲ್ಲು ಕೆಳಗಿಟ್ಟಳು. ಅವರು ಅವಳನ್ನ ಗೋಡೆಗೆ ಒತ್ತಿ ಬಾರಿಸ್ತಾ ಇದ್ದರು, ನನ್ನ ಕಡೆ ಬೆನ್ನು.

ಕೈ ಜಾರಲಿಲ್ಲ. ಕುತ್ತಿಗೆಗೇ ಗುರಿ ಇಟ್ಟಿದ್ದೆ. ಕಲಿತವಳಲ್ಲವಲ್ಲ, ಹೆಗಲಿಗೆ ಹೋಯ್ತು.