ರೆಕ್ಕೆಯ ಪಕ್ಕದ ಹೆಬ್ಬೆಟ್ಟು

ಡೇಟನ್ನಿನ ನಾಣ್ಯಮೇಳದಲ್ಲಿ, ಗ್ರೇಡಿಂಗ್‌ಗೆ, ಅಂದರೆ ಪರೀಕ್ಷಿಸಿ ಗುಣಮಟ್ಟಕ್ಕೆ ಅಂಕ ಕೊಡಲು, ಕಳಿಸಿದ ನಾಣ್ಯಗಳನ್ನು ವಾಪಸು ಪಡೆಯುವ ಸಾಲಿನಲ್ಲಿದ್ದೆ. ನನ್ನ ಮುಂದೆ ಒಬ್ಬ ಹೆಂಗಸು, ಅವಳ ಜೊತೆ ತೀರಿಹೋದ ಗಂಡನ ತಮ್ಮ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲಾದ, ಹದ್ದಿನ ಚಿತ್ರದ ಬೆಳ್ಳಿ ಡಾಲರ್ ನಾಣ್ಯ ಅವಳ ಕೈಗೆ ಬಂತು.

“ಎಪ್ಪತ್ತಕ್ಕೆ ಅರವತ್ತೈದು ಕೊಟ್ಟಿದಾರೆ, ಲೋರ್ನಾ! ಅಣ್ಣ ಇದ್ದಿದ್ರೆ ಕುಣಿದಾಡ್ತಿದ್ದ.”

“ಇದು ನಮ್ದಲ್ಲ, ಮರ್ಲ್.”

“ನಮ್ದೇ. ಹದ್ದಿನ ರೆಕ್ಕೆ ಮೇಲೆ ಅದೇ ಗೀರು ಇದೆ, ನೋಡು.”

“ಆ ರೆಕ್ಕೆ ಪಕ್ಕ ನಿಮ್ಮಣ್ಣನ ಹೆಬ್ಬೆಟ್ಟಿನ ಗುರುತಿತ್ತು.”

“ಅದಿದ್ರೆ ಗ್ರೇಡ್ ಇಳಿಸ್ತಾರೆ. ಮೊದ್ಲು ಅದನ್ನ ತೆಗೆದ್ಬಿಡಿ ಅಂತ ನಾನೇ ಅವ್ರಿಗೆ ಹೇಳಿದ್ದೆ. ಈಗ ಹೆಂಗೆ ಹೊಳೀತಿದೆ!”

“ನನ್ ಕಣ್ಣಿಗೆ ಮೊದ್ಲೇ ಚೆನ್ನಾಗಿತ್ತು.”

“ಅವರು ಬಲ್ಲೋರು ಕಣೇ. ಕಲೆ ಅಂದ್ರೆ ಕಲೇನೇ.”

“ಡಬ್ಬಿಯೊಳಗಿದ್ರೆ ಆ ಗುರುತು ಅಳಿಸಿಹೋಗಲ್ಲ ಅಂತಾನೇ ನಾನು ಕಳಿಸೋಕೆ ಒಪ್ಪಿದ್ದು.”

ಲೋರ್ನಾ ಪ್ಲಾಸ್ಟಿಕ್ಕಿನ ಮೇಲೆ, ಸರಿಯಾಗಿ ರೆಕ್ಕೆಯ ಪಕ್ಕದಲ್ಲಿ, ತನ್ನ ಹೆಬ್ಬೆಟ್ಟನ್ನು ಒತ್ತಿದಳು. ಡಬ್ಬಿಯನ್ನು ಮರ್ಲ್ ಕೈಗಿಟ್ಟು ಬಾಗಿಲ ಕಡೆ ನಡೆದಳು.

ಹಿಂದೆಯೇ ಹೊರಟ ಮರ್ಲ್, ನಡೆಯುತ್ತಲೇ ಕರವಸ್ತ್ರ ತೆಗೆದು, ಅಭ್ಯಾಸಬಲದಿಂದ ಆ ಗುರುತನ್ನು ಒರೆಸಿದ.