ಜವಳದ ದಿನದ ದೂರು

ವಿಟಾ ಬಸ್ ನಿಲ್ದಾಣದಲ್ಲಿ ಕೂತಿದ್ದ ಹೌಸಾಬಾಯಿಯ ಪಕ್ಕಕ್ಕೆ, ಚರ್ಮದ ಡಾಕ್ಟರರನ್ನು ಕಂಡು ಬಂದ, ಅವಳಿಗೆ ಗುರುತಿಲ್ಲದ ಅತ್ತೆ, ಸೊಸೆ, ಏಳು ವರ್ಷದ ಹುಡುಗಿ ಬಂದು ಕೂತರು. ಹುಡುಗಿಯ ಕಣತಲೆಯಲ್ಲಿ ಒಂದಿಷ್ಟು ಜಾಗ ಬೋಳು. ಸೊಸೆ ಅತ್ತೆಗೆ ಅನ್ನುತ್ತಿದ್ದುದು ಹೌಸಾಬಾಯಿಯ ಕಿವಿಗೆ ಬಿತ್ತು:

“ಜವಳ ತೆಗಿಯೋವಾಗ ನಮ್ಮಣ್ಣ ಕೂಸನ್ನ ತೊಡಿಮ್ಯಾಲೆ ನೆಟ್ಟಗ ಹಿಡೀಲಿಲ್ಲ, ಕತ್ತಿ ಕೂದಲ ಬೇರಿಗೆ ತಾಗ್ತು, ಅದಕ್ಕ ಬೋಳಾತು ಅಂತ ನೀವು ಅವನ್ನ ಮನಿಗೇ ಬರಗೊಡಲಿಲ್ಲಲ್ಲ, ಆತ್ಯಾಬಾಯಿ!”

“ನನಗೇನ ಗೊತ್ತಿತ್ತು, ಶೇವಂತಾ?”

“ಡಾಕ್ಟರ್ ನಿಮ್ಮ ತಲಿಮ್ಯಾಲಿನ ಸೆರಗು ಸರಿಸಿದ್ರ ನಿಮ್ಮ ಕಣತಲ್ಯಾಗೂ ಅದೇ ಬೋಳು! ಹುಟ್ಟಿದಾಗಿಂದ ಐತಿ ಅಂತ ನೀವ ಅಂದ್ರಿ.”

“ಮೆಲ್ಲಗ ಮಾತಾಡು, ಮಂದಿ ಕೇಳ್ತಾರ.”

“ಅಣ್ಣನ್ನ ಬೈಯೋವಾಗ ಓಣಿ ಮಂದಿ ಕೇಳಲಿಲ್ಲೇನು?”

“ಇರ್ಲಿ ಬಿಡು, ಔಷಧ ಹಚ್ಚೋಣು.”

“ವಂಶದ್ದು, ಔಷಧಕ್ಕ ಬಗ್ಗೂದಿಲ್ಲ, ದೊಡ್ಡಾಕಿ ಆದಮ್ಯಾಲೆ ಬೇಕಾದ್ರ ಕೂದಲ ನೆಡಬಹುದು ಅಂದ್ರಲ್ಲ ಡಾಕ್ಟರ್!”

“ಬಸ್ಸು ಬಂತು, ಏಳು.”

“ನಾ ಅಣ್ಣನ ಊರಿನ ಬಸ್ಸು ಹತ್ತಾಕಿ. ನೀವ ಬಂದು ಅವನ್ನ ದೀಪಾವಳ್ಯಾಗ ನಾ ಆರತಿ ಎತ್ತೋ ಭಾವುಬೀಜಕ್ಕ ಕರೀರಿ.”

ಸೊಸೆ ಮಗಳ ಕೈ ಹಿಡಿದು ನಡೆದಳು. ಅತ್ತೆ ತಮ್ಮೂರಿನ ಬಸ್ಸನ್ನೊಮ್ಮೆ ನೋಡಿ, ಚೀಲ ಎತ್ತಿಕೊಂಡು ಅವಳ ಹಿಂದೆಯೇ ಹೋದಳು.