ಆವಿಗೆಯಲ್ಲಿ ಕಾವಿಗೆ ಕೂತ ಕೋಳಿ

ಕಡಹಿನಬೈಲಿನಲ್ಲಿ ಹೊಸದಾಗಿ ಬಿಡಾರ ಹೂಡಿ ಮಡಕೆ ಕೆಲಸ ಹಿಡಿದಿದ್ದ ಗಂಡಹೆಂಡಿರು ಶಿಶಿರ, ಅರ್ಪಣಾ ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು. ಮಡಕೆ ಸುಡುವ ಆವಿಗೆಗೆ ನಾಳೆಯೇ ಮೊದಲ ಬೆಂಕಿ ಹಾಕಲು ಅರ್ಪಣಾ ತುದಿಗಾಲಲ್ಲಿದ್ದಳು.

“ಆವಿಗೆಯೊಳಗೆ ಪಕ್ಕದ ಮನೆ ಚೆನ್ನಮ್ಮಕ್ಕನ ಕೋಳಿ ಕಾವಿಗೆ ಕೂತಿದೆ ಮಾರಾಯ್ತಿ.”

“ಎಬ್ಬಿಸಿ ಬುಟ್ಟಿಗೆ ಹಾಕಿ.”

“ಎಬ್ಬಿಸಿದ್ರೆ ಮೊಟ್ಟೆ ಹಾಳು. ನಮ್ಮ ಬಾವಿ ಆಗೋತನಕ ನೀರು ಕೊಡೋದು ಅವರೇ.”

“ಮರಿ ಆಗೋಕೆ ಇನ್ನೆಷ್ಟು ದಿನ?”

“ಹನ್ನೊಂದು.”

“ಶೃಂಗೇರಿ ಹೋಟೆಲಿನವರಿಗೆ ಭಾನುವಾರ ಲೋಟ ಕೊಡ್ಬೇಕಲ್ಲ. ನಮ್ಮ ಮೊದಲ ಗಿರಾಕಿ. ಎಂತ ಹೇಳೋದು?”

“ಮನೇಲಿ ಬಾಣಂತನ ಅನ್ನು.”

“ನನ್ನ ಹೊಟ್ಟೆ ನೋಡ್ತಾರೆ ಮಾರಾಯ್ರೆ.”

ಅಷ್ಟರಲ್ಲಿ ಊರಿನ ಬಸ್ಸು ಬಂತು.

“ನೀವು ಹೋಗಿ ಅದಕ್ಕೆ ಕಾಳು ಹಾಕಿ. ನಾನು ಇದ್ದದ್ದು ಇದ್ದ ಹಾಗೆ ಹೇಳಿ ಬರ್ತೀನಿ” ಎಂದು ಅರ್ಪಣಾ ಶೃಂಗೇರಿ ಬಸ್ಸು ಹತ್ತಿದಳು.